ರಾತ್ರಿ ಭಸ್ತ್ರಿಕಾ ಹೊಡದು ನಿದ್ದಿ ಬರವಲ್ದು ಅನ್ನೋ ತಮ್ಮಗ

ತಮ್ಮಾ, ಮನಸ್ಸು ಶಾಂತ ಆಗ್ಲಿ ಅಂತ ಊಟ ಆದ್ಮ್ಯಾಲ ಮಾಳಿಗಿ ಮ್ಯಾಲ ಕುಂತು ಭಸ್ತ್ರಿಕಾ, ಕಪಾಲಭಾತಿ ಅನ್ನೋ ಜೋರು ಉಸಿರಿನ ಪ್ರಾಣಾಯಾಮ ಮಾಡ್ಲಾಕತ್ತೀನಿ, ಎದಿ ಡವಡವ ಅಂತದ, ನಿದ್ದಿನೇ ಬರವಲ್ದು ಅಂತ ಬರದಿ. ಹೆಂಗ ಬರ್ತದಪ್ಪಾ? ಅವೆರಡೂ ಎಬ್ಬಿಸೋವು, ಮಲಗಿಸೋವಲ್ಲ. ಅದೂ ಹೊಟ್ಟಿ ತುಂಬಾ ರೊಟ್ಟಿ ಉಂಡು! ಒಂದು ಬ್ಯಾಸಗಿ ನಾನೂ ಹಿಂಗೇ ಮಾಡಿ, ಬೆರಳ ತುದಿ, ತುಟಿ ಜುಮ್ಮ ಅಂದಿದ್ದಕ್ಕ, ಯೋಗದೋರು ಹೇಳೋ ಮೈಯೊಳಗಿನ ಶಕ್ತಿ ಕುಂಡಲಿನಿ ಎದ್ಲು ಅಂತ ಖುಷಿಪಟ್ಟಿದ್ದೆ. ಎಲ್ಲಿ ಕುಂಡಲಿನಿ! ಭರಭರ ಉಸಿರಾಡಿದ್ರ ರಕ್ತದಾಗಿನ ಕಾರ್ಬನ್ ಡೈಆಕ್ಸೈಡ್ ಇಳೀತದ, ಜುಮ್ಮ ಅನ್ನೂದು, ತಲಿ ತಿರಗೂದು ಎಲ್ಲಾ ಅದರಿಂದೇ. ಬಿಪಿ, ಹರ್ನಿಯಾ ಇದ್ದೋರು, ಬಸುರಿದ್ದೋರಂತೂ ಇವುಗಳ ತಂಟೆಗೇ ಹೋಗಬ್ಯಾಡ್ರಿ.

ರಾತ್ರಿಗಿ ಭ್ರಾಮರಿ ಹಿಡಿ, ದುಂಬಿಯಂಗ ಗುಂಯ್ ಅನ್ನೋ ಪ್ರಾಣಾಯಾಮ ಅದು. ತುಟಿ ಮುಚ್ಚು, ಹಲ್ಲು ಕಚ್ಚಬ್ಯಾಡ. ಕಿವಿಯೊಳಗ ಬೆರಳು ತುರುಕಬ್ಯಾಡ, ಕಿವಿ ತೂತಿನ ಮುಂದಿನ ಸಣ್ಣ ಮೆತ್ತನ ಎಲುಬು ಒತ್ತಿ ಕಿವಿ ಮುಚ್ಚಿದ್ರ ಸಾಕು. ನಾಕು ಎಣಿಸಿ ಉಸಿರು ತಗೋ, ಎಂಟು ಎಣಿಸೂತನಕ ಸಣ್ಣ ದನಿಲೆ ಗುಂಯ್ ಅನ್ಕೋತ ಬಿಡು. ಎಂಟಕ್ಕ ಏದುಸಿರು ಬಂದ್ರ ಆರಕ್ಕೇ ನಿಲ್ಲು. ಕುಂಭಕ, ಅಂದ್ರ ಉಸಿರು ಹಿಡಿಯೂದು, ಬ್ಯಾಡ. ಹೊರಗ ಬಿಡೋ ಉಸಿರು ಉದ್ದಾದಂಗ ಮಿದುಳಿನಿಂದ ಎದಿಗಿ ಬರೋ ವೇಗಸ್ ನರದಿಂದ ಎದಿ ಬಡಿತ ನಿಧಾನ ಆಗ್ತದ, ಗುಟ್ಟು ಅಷ್ಟೇ. ಓಣಿಗೆಲ್ಲಾ ಕೇಳೂವಂಗ ಗುಂಯ್ ಅನ್ನೂದು ಬ್ಯಾಡ, ನಾಯಿ ಬೊಗಳ್ತಾವ.

ಮೇ ತಿಂಗಳಾಗ ಕಲಬುರಗಿ ಮಾಳಿಗಿಯ ಶಹಾಬಾದ್ ಕಲ್ಲಿನ ಪರ್ಸಿ ರಾತ್ರಿ ಹತ್ತಕ್ಕೂ ಸುಡ್ತಿರ್ತದ, ಕೌದಿ ಹಾಸ್ಕೊ. ಬ್ಯಾಸಗಿಗಿ ಶೀತಲಿ ಚಲೋ, ನಾಲಿಗಿ ಸುರುಳಿ ಮಾಡಿ ಬಾಯಿಲೆ ಉಸಿರು ಎಳಕೊಳ್ಳೋದು. ಆದ್ರ ತೊಗರಿ ರಾಶಿ ಧೂಳಿನಾಗ ಬ್ಯಾಡ, ಬಾಯಿಲೆ ಉಸಿರು ತಗೊಂಡ್ರ ಮೂಗಿನ ಜರಡಿ ತಪ್ಪಿಸಿ ಧೂಳು ಒಳಗ ಹೋಗ್ತದ. ಮೂಗು ಕಟ್ಟಿದ್ರ ಜಲನೇತಿ, ಅಂದ್ರ ಉಪ್ಪು ನೀರಿಲೆ ಮೂಗು ತೊಳಿಯೂದು, ಮಾಡು, ಆದ್ರ ಬೋರ್ ನೀರು ಕುದಿಸಿ ಆರಿಸಿದ್ದೇ ಆಗಬೇಕು, ಅರ್ಧ ಲೀಟರಿಗಿ ಒಂದು ಸಣ್ಣ ಚಮಚ ಉಪ್ಪು.

ಅಶ್ವಗಂಧನೂ ನುಂಗ್ಲಾಕತ್ತೀನಿ ಅಂದಿ. ಉಷ್ಣ ಅದ ಅದು, ಈ ಬಿಸಲಾಗ ಯಾರು ಹೇಳಿದ್ರೋ! ಥೈರಾಯ್ಡ್ ಗುಳಿಗಿ, ನಿದ್ದಿ ಗುಳಿಗಿ ತಗೊಳ್ಳೋರು ಡಾಕ್ಟರಿಗಿ ಕೇಳದೆ ಮುಟ್ಟಲೇಬಾರ್ದು. ನಿಂದೂ ಡವಡವ ನಿಲ್ಲಲಿಲ್ಲಂದ್ರ ಥೈರಾಯ್ಡ್, ಇಸಿಜಿ ಎರಡೂ ಮಾಡಿಸು. ಟಿವಿಯಾಗ ಬರೋ ಡಬ್ಬಿ ನೋಡಿ ಔಷಧಿ ತಗೊಳ್ಳೋ ಚಟ ಬಿಡ್ರೋ.

ನಿದ್ದಿಗಂತ ದುಡ್ಡು ಹಾಕೂದಿದ್ರ ಅಂಗಾಲಿಗಿ ಹಚ್ಚೋ ಎಣ್ಣಿಗಿ ಹಾಕು. ನಂಗ ಕೇರಳದ ಕೋಟ್ಟಕ್ಕಲ್ ಕಂಪನಿಯ ಕ್ಷೀರಬಲಾ ಅನ್ನೋ ಆಯುರ್ವೇದ ಎಣ್ಣಿ ಹಿಡಿಸ್ಯಾದ, ತುಟ್ಟಿ ಅನಿಸಿದ್ರ ಮನಿ ಎಳ್ಳೆಣ್ಣಿನೂ ನಡೀತದ. ಮಲಗೂಮುಂದ ಅಂಗಾಲಿಗಿ ಹಚ್ಚಿ ಕಂಚಿನ ಬಟ್ಟಲಲೆ ತಿಕ್ಕು. ತಿಕ್ಕಿದ್ಮ್ಯಾಲ ಹಳೀ ಸಾಕ್ಸ್ ಹಾಕ್ಕೊ, ಎಣ್ಣಿ ಕಾಲಿಲೆ ಪರ್ಸಿ ಮ್ಯಾಲ ನಡದ್ರ ಜಾರಿ ಬೀಳ್ತಿ.