ಮುಖ ಕಾಣುತ್ತದೆ, ಮುನಿಸು ಕಾಣುವುದಿಲ್ಲ

(ಗುರುತು ಸಿಗದಂತೆ ವಿವರಗಳನ್ನು ಬದಲಿಸಲಾಗಿದೆ.)

ಶಿರಸಿ ಸಮೀಪದ ತೋಟದ ಮನೆಯೊಂದರಿಂದ ನನ್ನ ಬಳಿ ಸಲಹೆಗೆ ಬಂದ ಐವತ್ತರ ಆಸುಪಾಸಿನ ಮಹಿಳೆಯೊಬ್ಬರು, ಪಾರ್ಶ್ವವಾಯುವಾದ ಮೇಲೆ ಪತಿಯ ಮನಸ್ಸು ಕಲ್ಲಾಗಿದೆ ಎಂದು ಹೇಳಿಕೊಂಡರು. "ಎದುರಿಗೇ ಕೂತು ಅತ್ತರೂ ಇವರು ಊಟಕ್ಕೆ ಎಷ್ಟೊತ್ತು ಎಂದು ಕೇಳುತ್ತಾರೆ." ಪೆಟ್ಟು ಬಿದ್ದದ್ದು ಮೆದುಳಿನ ಬಲಭಾಗಕ್ಕೆ, ಎಡಗೈ ನಿಶ್ಶಕ್ತವಾಗಿತ್ತು, ಮಾತು ಸರಾಗವಾಗಿತ್ತು. ಮಾತು ಸರಿಯಿದ್ದುದರಿಂದಲೇ ಉಳಿದದ್ದೆಲ್ಲ ಸರಿಯಿದೆ ಎಂದು ಮನೆಯವರು ತಿಳಿದಿದ್ದರು.

ಮುಂದಿನ ಸಲ ಇಬ್ಬರೂ ಬಂದರು. ಹೆದರಿದ ಮುಖದ ಚಿತ್ರವೊಂದನ್ನು ತೋರಿಸಿದಾಗ ಪತಿ, "ಹುಬ್ಬು ಮೇಲಿದೆ, ಬಾಯಿ ತೆರೆದಿದೆ, ಆಕಳಿಸುತ್ತಿರಬೇಕು" ಎಂದರು. ಅಂಗಳದಲ್ಲಿ ಚಾಲಿ ಅಡಿಕೆ ಒಣಗಲು ಹರವಿದ್ದಾಗ ಮಳೆ ಬಂದರೆ ಯಜಮಾನನಿಗೆ ಹೇಗಾಗುತ್ತದೆ ಎಂದು ಕೇಳಿದೆ. "ಜೀವ ಬಾಯಿಗೆ ಬರುತ್ತದೆ, ಮತ್ತೇನು!" ಎಂಬ ಉತ್ತರ ತಕ್ಷಣ ಬಂತು. ಭಾವನೆಯ ತಿಳಿವಳಿಕೆ ಹಾಗೇ ಇತ್ತು. ಮುಖದಿಂದ ಅದನ್ನು ಓದುವ ದಾರಿ ಮಾತ್ರ ಕಟ್ಟಿಹೋಗಿತ್ತು.

ಬಹುತೇಕರಲ್ಲಿ ಮಾತಿನ ಮುಖ್ಯ ಹೊಣೆ ಮೆದುಳಿನ ಎಡ ಅರ್ಧಗೋಳದ್ದಾದರೆ, ಮುಖವನ್ನು ಇಡಿಯಾಗಿ ಗ್ರಹಿಸಿ ಅದರ ಭಾವವನ್ನು ಗುರುತಿಸುವುದರಲ್ಲಿ ಬಲ ಅರ್ಧಗೋಳದ ಪಾಲು ಹೆಚ್ಚು ಎಂದು ಅವರಿಗೆ ವಿವರಿಸಿದೆ. ಒಂದೇ ಮುಖದ ಅರ್ಧಕ್ಕೆ ನಗುವನ್ನೂ ಇನ್ನರ್ಧಕ್ಕೆ ನಿರ್ಭಾವವನ್ನೂ ಜೋಡಿಸಿ ತೋರಿಸಿದರೆ, ನಗು ತಮ್ಮ ಎಡಕ್ಕಿರುವ ಚಿತ್ರವೇ ಬಲಗೈ ಬಳಸುವ ಹೆಚ್ಚಿನವರಿಗೆ ಹೆಚ್ಚು ಸಂತೋಷದ್ದಾಗಿ ಕಾಣುತ್ತದೆ. ಎಡಗಡೆಯ ನೋಟ ಮೊದಲು ಬಲ ಅರ್ಧಗೋಳಕ್ಕೆ ತಲುಪುವುದು ಇದಕ್ಕೆ ಒಂದು ಕಾರಣ. ಸಂತೋಷದಂಥ ಭಾವಗಳಲ್ಲಿ ಎಡಭಾಗಕ್ಕೂ ದೊಡ್ಡ ಪಾಲಿದೆ ಎಂಬ ವಾದವೂ ಇದೆ. ಎಡ ಮೆದುಳು ಲೆಕ್ಕಕ್ಕೆ, ಬಲ ಮೆದುಳು ಕಲೆಗೆ ಎಂದು ಮೊಬೈಲಿನಲ್ಲಿ ಬರುವ ಹಂಚಿಕೆಯನ್ನು ಮಾತ್ರ ನಂಬಬೇಡಿ ಎಂದೆ.

ಪತಿಗೆ ತಾಳಮದ್ದಲೆಯ ಹುಚ್ಚು ಎಂದು ತಿಳಿದದ್ದು ಸಲಹೆಗೆ ಅನುಕೂಲವಾಯಿತು. ಅದು ಕೂತು ನಡೆಸುವ ಯಕ್ಷಗಾನ; ಅಲ್ಲಿ ವೇಷವಿಲ್ಲ, ಕುಣಿತವಿಲ್ಲ. ಪಾತ್ರದ ಮಾತನಾಡುವ ಅರ್ಥಧಾರಿ ಎಲ್ಲವನ್ನೂ ಮಾತಿನಲ್ಲೇ ಕಟ್ಟಿಕೊಡಬೇಕು. ಮನೆಯಲ್ಲಿ ಇಷ್ಟು ವರ್ಷ ನಡೆದದ್ದು ವೇಷ ಕಟ್ಟಿ ಕುಣಿಯುವ ಆಟ, ಇನ್ನು ತಾಳಮದ್ದಲೆ ಎಂದಾಗ ಇಬ್ಬರೂ ನಕ್ಕರು. ಎಡಗಡೆಯ ನೋಟ ಪೆಟ್ಟಾದ ಭಾಗಕ್ಕೇ ಹೋಗುವುದರಿಂದ ಪತ್ನಿ ಪತಿಯ ಬಲಗಡೆಗೆ, ಬೆಳಕಿನಲ್ಲಿ ಕೂತು, "ನನಗೆ ಬೇಸರವಾಗಿದೆ, ಇಂಥ ಕಾರಣಕ್ಕೆ" ಎಂದು ಬಾಯಿಬಿಟ್ಟು ಹೇಳಬೇಕು. ಬಲಭಾಗಕ್ಕೆ ಪೆಟ್ಟಾದವರಿಗೆ ದನಿಯ ಏರಿಳಿತವೂ ತಪ್ಪಿಹೋಗಬಹುದಾದ್ದರಿಂದ ಕೊಂಕು ಮಾತು ಬೇಡ. ಪತಿಗೆ ಹೇಳಿದ್ದು ಒಂದೇ: ಊಹಿಸಬೇಡಿ, ಕೇಳಿ. ನರರೋಗ ತಜ್ಞರನ್ನೂ ವಾಕ್ ಚಿಕಿತ್ಸಕರನ್ನೂ ಕಾಣಲು ಸೂಚಿಸಿದೆ. ನಿದ್ದೆಗೆಟ್ಟಿದ್ದ ಪತ್ನಿಗೆ ಪ್ರತ್ಯೇಕವಾಗಿ ಸಮಯ ಕೊಟ್ಟೆ.

ಮೂರನೆಯ ಭೇಟಿಯಲ್ಲಿ ಆಕೆಯ ದೂರು ಬದಲಾಗಿತ್ತು. "ಈಗ ದಿನಕ್ಕೆ ಹತ್ತು ಸಲ ‘ಸಿಟ್ಟೋ, ಬೇಸರವೋ’ ಎಂದು ಕೇಳುತ್ತಾರೆ. ಮೂವತ್ತು ವರ್ಷ ಹೇಳದೆಯೇ ತಿಳಿಯುತ್ತಿದ್ದುದನ್ನು ಈಗ ಬಾಯಿಬಿಟ್ಟು ಹೇಳಲು ನನಗೇ ನಾಚಿಕೆ." ಆ ನಾಚಿಕೆಯ ಬಗ್ಗೆ ಮಾತಾಡಲು ಇನ್ನೊಂದು ದಿನ ಗೊತ್ತುಮಾಡಿಕೊಂಡೆವು.