ಬಯಲಲ್ಲಿ ನಿಲ್ಲಿಸುವ ಸಣ್ಣ ವಿಮಾನದ ಕ್ಯಾನೊಪಿಗೆ, ಅಂದರೆ ಪೈಲಟ್ ಕೂರುವ ಜಾಗದ ಪಾರದರ್ಶಕ ಹೊದಿಕೆಗೆ, ಎಂಥ ಕವರ್ ಕೊಳ್ಳಬೇಕು?

ಮೊದಲು ನೋಡಬೇಕಾದದ್ದು ಒಳಮೈಯನ್ನು. ಸಣ್ಣ ವಿಮಾನಗಳ ಕಿಟಕಿ ಬಹುಪಾಲು ಗಾಜಲ್ಲ, ಅಕ್ರಿಲಿಕ್ ಎಂಬ ಪಾರದರ್ಶಕ ಪ್ಲಾಸ್ಟಿಕ್. ಬಲು ಬೇಗ ಗೀರು ಬೀಳುತ್ತದೆ. ಹಾಗಾಗಿ ಕವರಿನ ಒಳಪದರ ಮೆತ್ತಗಿರಲೇಬೇಕು. ಆದರೆ ಎಷ್ಟೇ ಮೆತ್ತಗಿದ್ದರೂ, ಅದು ಸಡಿಲವಾಗಿದ್ದರೆ ಗಾಳಿಗೆ ಪಟಪಟ ಬಡಿದು, ನಡುವೆ ಸಿಕ್ಕ ಧೂಳಿನಿಂದ ಉಪ್ಪುಕಾಗದದಂತೆ ಉಜ್ಜುತ್ತದೆ. ಎಲ್ಲಕ್ಕೂ ಹೊಂದುವ ಕವರಿಗಿಂತ, ನಿಮ್ಮ ಮಾದರಿಗೇ ಹೊಲಿದದ್ದನ್ನು ಕೊಳ್ಳಿ. ಆಂಟೆನಾ, ತಾಪಮಾನ ಅಳೆಯುವ ಪ್ರೋಬ್ ಎಲ್ಲಿವೆ ಎಂದು ಹೊಲಿಯುವವರಿಗೆ ಮೊದಲೇ ತಿಳಿಸಿ, ಅಲ್ಲಿ ಜಾಗ ಬಿಡಲು. ಹೊಟ್ಟೆಯಡಿ ಬಿಗಿಯುವ ಪಟ್ಟಿಗಳ ಬಕಲ್ ಬಣ್ಣಕ್ಕೆ ತಾಗದಂತಿರಲಿ.

ಬಟ್ಟೆ ನೀರನ್ನು ತಡೆಯಬೇಕು, ಆದರೆ ಉಸಿರಾಡಬೇಕು. ಪ್ಲಾಸ್ಟಿಕ್ ಟಾರ್ಪಾಲಿನ್ ಬೇಡವೇ ಬೇಡ: ಒಳಗೆ ತೇವ ನಿಂತು ತುಕ್ಕು, ಬೂಷ್ಟು ಹಿಡಿಯುತ್ತದೆ. ವರ್ಷವಿಡೀ ಹೊರಗೇ ನಿಲ್ಲುವ ವಿಮಾನಕ್ಕೆ ನೇರಳಾತೀತ ಕಿರಣ ತಾಳುವ ದಪ್ಪ ಬಟ್ಟೆ, ತಿಳಿ ಬಣ್ಣದ್ದು. ಪ್ರಯಾಣಕ್ಕೆ ಒಯ್ಯಲು ಮಾತ್ರವಾದರೆ ತೆಳುವಾದದ್ದು ಸಾಕು. ಕಿಟಕಿಯ ಒಳಗೆ ಇಡುವ ಬಿಸಿಲುತಡೆ ಅಗ್ಗ, ನಿಜ. ಆದರೆ ಅದು ಅಕ್ರಿಲಿಕ್ಕನ್ನು ಬಿಸಿಲಿನಿಂದ ಕಾಯುವುದಿಲ್ಲ, ಬಾಗಿಲ ಸಂದಿಯಿಂದ ಸೋರುವ ಮಳೆಯನ್ನಂತೂ ಇಲ್ಲವೇ ಇಲ್ಲ.

ಹೊದಿಸುವ ಮುನ್ನ ಕಿಟಕಿಯ ಧೂಳು ತೊಳೆಯಿರಿ. ಬಹಳ ಜನ ಬಿಡುವುದು ಇದನ್ನೇ. ವಿಮಾನದ ವೇಗ ಅಳೆಯಲು ನೆರವಾಗುವ ಪಿಟೋ ನಳಿಕೆಗೆ ಬೇರೆಯೇ ಕವರ್ ಬೇಕು, ಹಾರುವ ಮುನ್ನ ತೆಗೆಯಲು ಮರೆಯದಂತೆ ಕೆಂಪು ಪಟ್ಟಿ ಇರುವಂಥದ್ದು.