ಅರಣ್ಯ ಕಾವಲುಗಾರರನ್ನು ದುಪ್ಪಟ್ಟು ಮಾಡಿದರೆ ಮಳೆಕಾಡು ಉಳಿಯುತ್ತದೆಯೇ?

ಉಳಿಯಲ್ಲ. ನಾನೂ ಒಂದು ಕಾಲಕ್ಕೆ ನಿಮ್ಮ ಹಾಗೇ ಮರಗಳ್ಳರನ್ನು ಹುಡುಕುತ್ತಿದ್ದವನು. ಇಂಡೊನೇಷ್ಯಾದ ಕಡತ ಕೈಗೆ ಬಂದರೆ ಪರವಾನಗಿ ಇದೆಯೇ ಎಂದು ನೋಡುವುದು, ಇದ್ದರೆ ಬದಿಗಿಡುವುದು. ಎಡವಿದ್ದೇ ಅಲ್ಲಿ. ಸಹಿ ಅಸಲಿ, ಮೊಹರು ಅಸಲಿ, ಸಹಿ ಹಾಕಿದವರಿಗೆ ಕುರ್ಚಿಯೂ ಇತ್ತು. ಸುಳ್ಳು ಅಡಗಿದ್ದದ್ದು ಜಾಗದ ವರ್ಣನೆಯಲ್ಲಿ.

ಸುಮಾತ್ರಾದ ರಿಯಾವು ಪ್ರಾಂತ್ಯದ ಪೆಲಲಾವನ್ ಜಿಲ್ಲೆ ನೋಡಿ. ಕಾಗದದ ತಿರುಳಿಗಾಗಿ ಅಕೇಶಿಯಾ ನೆಡಲು ಪರವಾನಗಿ ಕೊಡಬೇಕಾದ್ದು ಖಾಲಿ ಜಾಗಕ್ಕೆ, ಹುಲ್ಲುಗಾವಲಿಗೆ, ಕುರುಚಲಿಗೆ. ಅಲ್ಲಿನ ಬುಪಾತಿ ತೆಂಕು ಅಜ್ಮುನ್ ಜಾಫರ್ 15 ಕಂಪನಿಗಳಿಗೆ ಅದನ್ನು ಕೊಟ್ಟದ್ದು ನಿಂತ ಕಾಡಿನ ಮೇಲೆ. (ಬುಪಾತಿ ಜಿಲ್ಲೆಯ ಮುಖ್ಯಸ್ಥ, ನಮ್ಮ ಡಿಸಿಯಂತೆ ನೇಮಕದವನಲ್ಲ, ಚುನಾವಣೆ ಗೆಲ್ಲಬೇಕಾದ ರಾಜಕಾರಣಿ.) ಅಕೇಶಿಯಾ ಕಟಾವಿಗೆ ಐದಾರು ವರ್ಷ ಕಾಯಬೇಕು. ಕಾಡೇ ಸಿಕ್ಕರೆ ನೆಲ ಹಸನು ಮಾಡುವ ನೆಪದಲ್ಲಿ ಮೊದಲ ವರ್ಷವೇ ಮರ ಕೈಗೆ. ಕೆಲವು ಕಂಪನಿಗಳು ಬುಪಾತಿಯ ಆಪ್ತರ ಹೆಸರಲ್ಲಿ ಹುಟ್ಟಿ, ಪರವಾನಗಿ ಸಿಕ್ಕಿದ ಮೇಲೆ ದೊಡ್ಡವರ ಕೈಗೆ ದಾಟಿದವು.

ಆಗ ಪರವಾನಗಿ ಬಂದ ಮಾತ್ರಕ್ಕೆ ಗರಗಸ ಓಡುತ್ತಿರಲಿಲ್ಲ. ಪ್ರತಿ ವರ್ಷದ ಕಡಿತದ ಯೋಜನೆಗೆ ಮತ್ತೊಂದು ಒಪ್ಪಿಗೆ ಬೇಕಿತ್ತು. ಅಲ್ಲಿ ಯಾರಾದರೂ ನಕ್ಷೆ ತೆರೆದು ನೋಡಿದ್ದರೂ ಸಾಕಿತ್ತು. ನೋಡಲಿಲ್ಲ. ಅಜ್ಮುನ್‌ಗೆ 2008ರಲ್ಲಿ 11 ವರ್ಷ ಸಜೆಯಾಯಿತು. ವಾರ್ಷಿಕ ಯೋಜನೆಗಳಿಗೆ ಸಹಿ ಹಾಕಿದ ಗವರ್ನರ್ ರುಸ್ಲಿ ಜೈನಾಲ್‌ಗೆ 2014ರಲ್ಲಿ ಶಿಕ್ಷೆಯಾಯಿತು. ರಾಷ್ಟ್ರೀಯ ಕ್ರೀಡಾಕೂಟಕ್ಕೆ ಸಂಬಂಧಿಸಿದ ಲಂಚದ ಆರೋಪವೂ ಅದರಲ್ಲಿ ಸೇರಿತ್ತು. ಅವರ ಜಾಗಕ್ಕೆ ಬಂದ ಅನ್ನಾಸ್ ಮಾಮುನ್ ಅದೇ ವರ್ಷ, ಅರಣ್ಯವನ್ನು ಅರಣ್ಯೇತರ ಮಾಡಿಕೊಡಲು ಲಂಚ ಪಡೆದು ಸಿಕ್ಕಿಬಿದ್ದರು. ಮೂವರನ್ನೂ ಹಿಡಿದದ್ದು ಭ್ರಷ್ಟಾಚಾರ ನಿಗ್ರಹ ಆಯೋಗವಾದ ಕೆಪಿಕೆ. ನೀವು ನಂಬಿಕೊಂಡಿರುವ ಅರಣ್ಯ ಇಲಾಖೆಯ ಕಥೆ ಕೇಳಿ: ಪ್ರಾಂತ್ಯದಲ್ಲಿ ಅದರ ಮುಖ್ಯಸ್ಥರಾಗಿದ್ದವರೇ ಈ ಪ್ರಕರಣಗಳಲ್ಲಿ ಜೈಲು ಕಂಡರು.

ಹಾಗಾಗಿ ಕಡತದಲ್ಲಿ ಮೊದಲು ದಿನಾಂಕ ನೋಡಿ: ಕಂಪನಿ ನೋಂದಾಯಿಸಿದ್ದು ಯಾವಾಗ, ಪರವಾನಗಿ ಯಾವಾಗ, ಷೇರು ಕೈ ಬದಲಾಯಿಸಿದ್ದು ಯಾವಾಗ. ಮೂರೂ ಕೆಲವೇ ತಿಂಗಳಲ್ಲಿ ಮುಗಿದಿದ್ದರೆ ಷೇರುದಾರರ ಹೆಸರು ಕೆದಕಿ. ಆಮೇಲೆ ಪರವಾನಗಿಗೆ ಮುಂಚಿನ ಲ್ಯಾಂಡ್‌ಸ್ಯಾಟ್ ಉಪಗ್ರಹದ ಚಿತ್ರ ತೆಗೆದು ಗಡಿಯನ್ನು ಅದರ ಮೇಲೆ ಕೂರಿಸಿ. ಆ ಭಾಗದಲ್ಲಿ ಮೋಡ ಜಾಸ್ತಿ, ಒಂದು ಒಳ್ಳೆಯ ಚಿತ್ರಕ್ಕೆ ಎರಡು ಮೂರು ವರ್ಷದ್ದನ್ನು ಜಾಲಾಡಬೇಕಾದೀತು. ಹಸಿರೆಲ್ಲ ಕಾಡೆಂದುಕೊಂಡು ಮೋಸ ಹೋಗಬೇಡಿ. ಹಳೇ ತೋಪೂ ಹಸಿರೇ, ಆದರೆ ಅದರ ಅಂಚು ಗೆರೆ ಎಳೆದಷ್ಟು ನೇರ. ಕುರುಚಲು ಎಂದು ಬರೆದ ಕಡೆ ಅಂಕುಡೊಂಕು ಅಂಚಿನ ದಟ್ಟ ಕಾಡು ಕಂಡರೆ ದೂರು ಕೆಪಿಕೆಗೆ ಹೋಗಲಿ. ಕಾವಲುಗಾರ ಬಂದರೆ ಅವನಿಗೂ ಆ ಅಸಲಿ ಸಹಿಯನ್ನೇ ತೋರಿಸಿ ಕಳಿಸುತ್ತಾರೆ.